ದಾಲ್ ಮಿಲ್ ಗ್ರಾಹಕರ ಪಟ್ಟಿಯನ್ನು ನಾನು ಸರಿಪಡಿಸಿದ್ದು ಹೀಗೆ

ಕಲಬುರಗಿಯಲ್ಲಿ ದಾಲ್ ಮಿಲ್‌ಗಳಿಗೆ ಎಮರಿ ರೋಲರ್ (ಕಾಳಿನ ಸಿಪ್ಪೆ ತೆಗೆಯುವ ಒರಟು ಉರುಳೆ), ಬೆಲ್ಟ್, ಬೇರಿಂಗ್ ಮಾರುವ ನನಗೆ ದೊರೆತಿದ್ದ ಪಟ್ಟಿಯಲ್ಲಿ ಮುಚ್ಚಿದ ಮಿಲ್‌ಗಳೂ, ಬರೀ ತೊಗರಿ ವ್ಯಾಪಾರ ಮಾಡುವ ಅಡತಿ ಅಂಗಡಿಗಳೂ ಬೆರೆತಿದ್ದುದರಿಂದ ಕರೆಗಳು ವ್ಯರ್ಥವಾಗುತ್ತಿದ್ದವು. ಪ್ರತಿ ಹೆಸರಿನ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂದು ನೋಡಿದೆ. ಆ 15 ಅಕ್ಷರಗಳ ಸಂಖ್ಯೆಯ ಮೊದಲೆರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. 29 ಕರ್ನಾಟಕ, 36 ತೆಲಂಗಾಣ, 27 ಮಹಾರಾಷ್ಟ್ರ ಆಗಿರುವುದರಿಂದ ಗಡಿಯಾಚೆಯವರನ್ನು ಬೇರ್ಪಡಿಸುವುದು ಸುಲಭವಾಯಿತು, ಮುಂದಿನ ಹತ್ತು ಅಕ್ಷರಗಳು ಪ್ಯಾನ್ ಆದ್ದರಿಂದ ಒಂದೇ ಸಂಸ್ಥೆಯ ಎರಡು ರಾಜ್ಯಗಳ ನೋಂದಣಿಗಳೂ ಗುರುತು ಸಿಕ್ಕವು. ಯಂತ್ರ ನಿಜವಾಗಿ ಓಡುತ್ತಿದೆಯೇ ಎಂಬುದನ್ನು ಮಾತ್ರ ಕಪನೂರು ಕೈಗಾರಿಕಾ ಪ್ರದೇಶದ ಫಿಟ್ಟರ್‌ಗಳನ್ನು ಕೇಳಿಯೇ ತಿಳಿದುಕೊಂಡೆ. ನನ್ನ ಮಟ್ಟಿಗೆ ಅವರ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಬರುವುದರಿಂದ, ಅದಕ್ಕೂ ಮುಂಚೆ ಮಿಲ್‌ಗಳು ದುರಸ್ತಿ ಮಾಡಿಸುವ ಕಾಲ ನೋಡಿ ಕರೆಗಳನ್ನು ಅಕ್ಟೋಬರ್‌ನಲ್ಲೇ ಆರಂಭಿಸುತ್ತೇನೆ.