ಮುಧೋಳ ನಾಯಿ: ಪಕ್ಕೆಲುಬು ಕಂಡರೆ ಗಾಬರಿ ಬೇಡ

ಮುಧೋಳ ನಾಯಿಯ ಮೈಮೇಲೆ 2-3 ಪಕ್ಕೆಲುಬು ಕಾಣುವುದು ಬೇಟೆಗೆ ಓಡುವ ಆ ತಳಿಯ ಸಹಜ ಮೈಕಟ್ಟೇ ಹೊರತು ಹಸಿವಿನ ಗುರುತಲ್ಲ; ಆದ್ದರಿಂದ ನೆರೆಹೊರೆಯವರ ಮಾತಿಗೆ ಕಿವಿಗೊಟ್ಟು ಅದನ್ನು ಲ್ಯಾಬ್ರಡಾರ್‌ನಂತೆ ದಪ್ಪ ಮಾಡಲು ಹೊರಡಬೇಡಿ. ಮುಧೋಳದಂತೆ ಎದೆ ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ ಜಠರವೇ ತಿರುಚಿಕೊಳ್ಳುವ ಅಪಾಯ ಹೆಚ್ಚು. ದಿನದ ಊಟವನ್ನು ಎರಡು ಹೊತ್ತಿಗೆ ಹಂಚಿ, ತಿಂದ ಮೇಲೆ 1 ಗಂಟೆಯಾದರೂ ಓಡಿಸದಿರುವುದು ಒಳಿತು. ಹೊಟ್ಟೆ ಬಿಗಿದು, ವಾಂತಿ ಬಾರದೆ ಬರೀ ಓಕರಿಸುತ್ತಿದ್ದರೆ ಬೆಳಗಾಗಲೆಂದು ಕಾಯದೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ.

ಮನೆಯ ಊಟವೆಂದರೆ ನಮ್ಮ ಕಡೆ ಜೋಳದ ರೊಟ್ಟಿ, ಹಾಲು, ಅಷ್ಟೇ. ರೊಟ್ಟಿ ಬೇಡವೆಂದಲ್ಲ, ಅದನ್ನು ಚೂರು ಮಾಡಿ, ಉಪ್ಪು-ಖಾರವಿಲ್ಲದೆ ಬೇಯಿಸಿ ಮೂಳೆ ತೆಗೆದ ಕೋಳಿಮಾಂಸ ಅಥವಾ ಮೊಟ್ಟೆಯನ್ನು ಒಂದಿಷ್ಟು ಕುಂಬಳಕಾಯಿಯೊಂದಿಗೆ ಕಲಸಿ, ಆರಿದ ಮೇಲೆ ಹಾಕಿ. ಬೆಳೆಯುವ ಮರಿಗೆ ಬರೀ ಅನ್ನ-ಮಾಂಸ ಹಾಕಿದರೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗಬಹುದು. ಎಷ್ಟು ಕೊಡಬೇಕೆಂಬುದನ್ನು ತೂಕ ನೋಡಿ ವೈದ್ಯರೇ ಹೇಳಲಿ. ಈರುಳ್ಳಿ-ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟ್, ಬೆಂದ ಮೂಳೆ ಬೇಡವೇ ಬೇಡ.

ಶಸ್ತ್ರಚಿಕಿತ್ಸೆ ಮಾಡಿಸುವುದಿದ್ದರೆ ತಳಿಯ ಹೆಸರನ್ನು ಮೊದಲೇ ತಿಳಿಸಿ. ಕೊಬ್ಬು ಕಡಿಮೆಯಿರುವ ಈ ಬಗೆಯ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧ ಕೊಟ್ಟರೆ ಎಚ್ಚರವಾಗುವುದು ತೀರಾ ತಡವಾಗುತ್ತದೆ.