ಮನೆಯಲ್ಲೇ ರೆಸಿನ್ ಎರಕ: ಪ್ರೆಷರ್ ಪಾಟ್ ಜೋಡಿಸುವ ಬಗೆ

ರೆಸಿನ್, ಅಂದರೆ ಕಲೆಸಿ ಹೊಯ್ದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್‌ನ ಎರಕ ಹೊಯ್ಯಲು ಆರಂಭಿಸಿದವರೆಲ್ಲರ ಮೊದಲ ತಕರಾರು ಗಾಳಿಗುಳ್ಳೆಯದು. ಸಾಗವಾನಿಯ ತುಂಡಿನ ಸುತ್ತ ಬಣ್ಣದ ರೆಸಿನ್ ಹೊಯ್ದು, ಗಟ್ಟಿಯಾದ ಮೇಲೆ ಅದನ್ನು ಲೇಥಿಗೆ ಕಟ್ಟಿ ಪೆನ್ನಿನ ಮೈ ತಿರುಗಿಸಲು ಕುಳಿತರೆ, ಉಳಿ ತಾಗಿದಲ್ಲೆಲ್ಲ ಸೂಜಿಮೊನೆಯಷ್ಟು ತೂತುಗಳು ಬಾಯಿ ತೆರೆಯುತ್ತವೆ. ಲೈಟರಿನ ಉರಿ ತೋರಿಸಿದರೆ ಮೇಲ್ಮೈಯ ಗುಳ್ಳೆಗಳು ಒಡೆಯುತ್ತವೆ, ನಿಜ. ಆದರೆ ಮರದ ರಂಧ್ರಗಳಿಂದ ತಾಸುಗಟ್ಟಲೆ ಏಳುತ್ತಲೇ ಇರುವ ಗುಳ್ಳೆಗಳಿಗೆ ಆ ಉರಿ ತಲುಪುವುದಿಲ್ಲ. ಇದಕ್ಕೆ ನಂಬಬಹುದಾದ ಉಪಾಯವೆಂದರೆ ಒತ್ತಡದ ಪಾತ್ರೆ, ಅಂದರೆ ಪ್ರೆಷರ್ ಪಾಟ್: ರೆಸಿನ್ ಹೊಯ್ದ ಅಚ್ಚನ್ನು ಒಳಗಿಟ್ಟು, ಮುಚ್ಚಳ ಬಿಗಿದು, ಗಾಳಿ ತುಂಬಿಡುವ ಪಾತ್ರೆ. ಅದು ಗುಳ್ಳೆಗಳನ್ನು ಹೊರಗೆ ಹಾಕುವುದಿಲ್ಲ. ಕಣ್ಣಿಗೆ ಕಾಣದಷ್ಟು ಹಿಂಡಿಹಾಕಿ, ರೆಸಿನ್ ಗಟ್ಟಿಯಾಗುವವರೆಗೆ ಹಾಗೆಯೇ ಅದುಮಿ ಹಿಡಿಯುತ್ತದೆ. ಮುಂದೆ ಹೇಳುವ ನಿಯಮಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ಸಂಗತಿಯಿಂದಲೇ.

ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಸುಮಾರು 13.5 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಬೀಳುವ ಭಾರ, ಪೌಂಡುಗಳಲ್ಲಿ) ಇರುತ್ತದೆ. ಪಾತ್ರೆಯ ಗೇಜು, ಅಂದರೆ ಒತ್ತಡಮಾಪಕ, ಹೊರಗಿನ ಒತ್ತಡವನ್ನು ಬಿಟ್ಟು ಎಣಿಸುತ್ತದೆ; ಅದು 40 ಪಿಎಸ್‌ಐ ತೋರಿಸುವಾಗ ಒಳಗಿನ ನಿಜವಾದ ಒತ್ತಡ 53.5, ಅಂದರೆ ಹೊರಗಿನದಕ್ಕಿಂತ ಹತ್ತಿರಹತ್ತಿರ ನಾಲ್ಕು ಪಟ್ಟು. ಗುಳ್ಳೆಯ ಘನಗಾತ್ರ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಅದರ ಅಡ್ಡಳತೆ ಇಳಿಯುವುದು ಶೇ. 63ಕ್ಕೆ ಮಾತ್ರ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಸಣ್ಣ ಗುಳ್ಳೆಗಳ ಗಾಳಿ ಒತ್ತಡಕ್ಕೆ ರೆಸಿನ್‌ನಲ್ಲಿ ಕರಗಿಯೂ ಹೋಗುತ್ತದೆ. ಜೋಳದ ಕಾಳಿನಷ್ಟು ದಪ್ಪದ ಗುಳ್ಳೆ ಮಾತ್ರ ಸ್ವಲ್ಪ ಸಣ್ಣದಾಗಿ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಪಾತ್ರೆ ಇದೆಯೆಂಬ ಧೈರ್ಯದಿಂದ ರೆಸಿನ್‌ನ್ನು ಮೊಸರು ಕಡೆದಂತೆ ಕಡೆಯಬಾರದು. ಕಡ್ಡಿಯನ್ನು ಡಬ್ಬಿಯ ಗೋಡೆಗೆ ಒತ್ತಿ ಹಿಡಿದು ನಿಧಾನವಾಗಿ ಕಲೆಸಬೇಕು.

ಇನ್ನು ಪಾತ್ರೆಯ ವಿಷಯ. ಮುಚ್ಚಳದ ಅಡ್ಡಳತೆ 25 ಸೆಂಟಿಮೀಟರ್ ಇದ್ದರೆ, 40 ಪಿಎಸ್‌ಐನಲ್ಲಿ ಅದನ್ನು ಮೇಲಕ್ಕೆತ್ತುವ ಬಲ ಸುಮಾರು 1,380 ಕಿಲೋ ಆಗುತ್ತದೆ. ಐವತ್ತು ಕಿಲೋದ 27 ಸಿಮೆಂಟ್ ಚೀಲಗಳ ಭಾರವನ್ನು ಆ ಮುಚ್ಚಳದ ಕ್ಲಾಂಪುಗಳು ರಾತ್ರಿಯಿಡೀ ಹಿಡಿದಿರಬೇಕು ಎಂದು ಎಣಿಸಿಕೊಂಡರೆ, ಯಾವ ಪಾತ್ರೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ನನಗೆ ಅದು ಮೊದಲು ಸ್ಪಷ್ಟವಾಗಿರಲಿಲ್ಲ. ಮನೆಯ ಹಳೆಯ ಹತ್ತು ಲೀಟರಿನ ಕುಕ್ಕರನ್ನು ಹೊತ್ತುಕೊಂಡು, ಮುಚ್ಚಳಕ್ಕೆ ತೂತು ಹಾಕಿಸಿ ನಿಪ್ಪಲ್ ಕೂಡಿಸಿಕೊಡಿ ಎಂದು ಹುಬ್ಬಳ್ಳಿಯ ಒಂದು ಲೇಥ್ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹಿರಿಯ ಮಿಸ್ತ್ರಿ ಕುಕ್ಕರನ್ನು ಒಮ್ಮೆ ತಿರುಗಿಸಿ ನೋಡಿ, "ಇದು ಅಡಗಿ ಮಾಡೂ ಸಾಮಾನ ಐತ್ರಿ, ಗಾಳಿ ತುಂಬೂದಲ್ಲ" ಎಂದು ಹೇಳಿ ನನ್ನ ಕೈಗೇ ವಾಪಸು ಕೊಟ್ಟ. ಅವನ ಮಾತು ಲೆಕ್ಕಕ್ಕೂ ಸರಿಯಾಗಿತ್ತು: ಮನೆಯ ಕುಕ್ಕರಿನ ಸೀಟಿ ಏಳುವುದೇ ಸುಮಾರು 15 ಪಿಎಸ್‌ಐಗೆ. ನಮಗೆ ಬೇಕಾದದ್ದು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಪಿವಿಸಿ ಪೈಪಿಗೆ ಎರಡೂ ಕಡೆ ಕ್ಯಾಪ್ ಹಾಕಿ ಪಾತ್ರೆ ಮಾಡುವ ಯೋಚನೆಯಂತೂ ಇನ್ನೂ ಅಪಾಯದ್ದು. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಗಾಜಿನಂತೆ ಸಿಡಿಯುತ್ತವೆ.

ಕೊಳ್ಳಬೇಕಾದದ್ದು ಸ್ಪ್ರೇ ಪೇಂಟಿಂಗ್‌ನವರು ಬಳಸುವ ಹತ್ತು ಲೀಟರಿನ ಪೇಂಟ್ ಟ್ಯಾಂಕ್. ಅದರ ಮೈಮೇಲಿನ ತಗಡಿನಲ್ಲಿ ಗರಿಷ್ಠ ಒತ್ತಡ ಬರೆದಿರಬೇಕು. ಬರೆದಿಲ್ಲದ ಟ್ಯಾಂಕನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬರುವುದು ಒಳ್ಳೆಯದು. ಗರಿಷ್ಠ 60 ಪಿಎಸ್‌ಐ ಎಂದಿದ್ದರೆ ನಾವು 40ರಲ್ಲಿ ಕೆಲಸ ಮಾಡಬೇಕು. ಹಳೆಯ ಟ್ಯಾಂಕಾದರೆ ಒಳಗೆ ಟಾರ್ಚ್ ಬಿಟ್ಟು ತುಕ್ಕು, ತಗ್ಗು, ಬೆಸುಗೆಯ ಬಿರುಕುಗಳನ್ನು ನೋಡಬೇಕು. ತಂದ ಟ್ಯಾಂಕಿನಲ್ಲಿ ಬಣ್ಣ ಮೇಲೆಳೆಯುವ ಉದ್ದನೆಯ ಕೊಳವೆ ಇರುತ್ತದೆ. ಅದನ್ನು ಬಿಚ್ಚಿ ತೆಗೆದು, ಆ ತೂತಿಗೆ ಹಿತ್ತಾಳೆಯ ಪ್ಲಗ್ ಹಾಕಬೇಕು.

ಫಿಟ್ಟಿಂಗ್ ಕೂಡಿಸುವಾಗ ಒಂದು ತೊಡಕು ಎದುರಾಗಬಹುದು. ಪರದೇಶದಿಂದ ಬಂದ ಹಲವು ಟ್ಯಾಂಕುಗಳ ಮುಚ್ಚಳದಲ್ಲಿ ಎನ್‌ಪಿಟಿ ಎಂಬ ಅಮೆರಿಕದ ಮಾದರಿಯ ಥ್ರೆಡ್ ಇರುತ್ತದೆ, ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಬ್ರಿಟಿಷ್ ಮಾದರಿಯ ಬಿಎಸ್‌ಪಿ. ಕಾಲು ಇಂಚಿನ ಅಳತೆಯಲ್ಲಿ ಒಂದಕ್ಕೆ ಇಂಚಿಗೆ 18 ಸುತ್ತು, ಇನ್ನೊಂದಕ್ಕೆ 19. ಎರಡು-ಮೂರು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಬಿಗಿಯುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಪಾನಾದಿಂದ ಜೋರು ಮಾಡಿದರೆ ಕೂತಂತೆಯೇ ಕಾಣುತ್ತದೆ, ಆದರೆ ಥ್ರೆಡ್ ಹರಿದಿರುತ್ತದೆ. ಕೈಯಿಂದ ನಾಲ್ಕೈದು ಸುತ್ತು ಹೋಗದ ಫಿಟ್ಟಿಂಗನ್ನು ಬಲವಂತವಾಗಿ ತಿರುಗಿಸಬಾರದು.

ಮುಚ್ಚಳದ ಮೇಲೆ ಇರಬೇಕಾದವು ನಾಲ್ಕು: ಗಾಳಿ ಒಳಗೆ ಬರಲು ಒಂದು ಬಾಲ್ ವಾಲ್ವ್, ಹೊರಗೆ ಬಿಡಲು ಇನ್ನೊಂದು, ಒಂದು ಗೇಜು, ಒಂದು ಸೇಫ್ಟಿ ವಾಲ್ವ್. ಸೇಫ್ಟಿ ವಾಲ್ವ್ 50 ಪಿಎಸ್‌ಐಗೆ ತೆರೆಯುವಂಥದಾಗಿರಬೇಕು, ಮತ್ತು ಅದಕ್ಕೂ ಪಾತ್ರೆಗೂ ನಡುವೆ ಬೇರೆ ಯಾವ ವಾಲ್ವೂ ಇರಕೂಡದು. ಇದ್ದರೆ ಯಾರೋ ಒಮ್ಮೆ ಅದನ್ನು ಮುಚ್ಚಿಬಿಡುತ್ತಾರೆ. ಗಾಳಿ ಬರುವ ತೂತಿನ ಒಳಬದಿಗೆ ಒಂದು ಎಲ್ಬೋ (ಬಾಗಿದ ಫಿಟ್ಟಿಂಗ್) ಕೂಡಿಸಿ ಅದರ ಬಾಯನ್ನು ಪಾತ್ರೆಯ ಗೋಡೆಗೆ ತಿರುಗಿಸಬೇಕು. ಹಾಗೆ ಮಾಡದಿದ್ದರೆ ಗಾಳಿಯ ಧಾರೆ ನೇರವಾಗಿ ಅಚ್ಚಿನ ಮೇಲೆ ಬಡಿದು ರೆಸಿನ್ ಒಳಗೆಲ್ಲ ಚೆಲ್ಲುತ್ತದೆ. ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಮತ್ತು ನೀರು ಹಿಡಿಯುವ ಫಿಲ್ಟರ್ ಕಂಪ್ರೆಸರಿನ ಕಡೆ ಇರಲಿ. ಮನೆಯ ಕರೆಂಟಿನಲ್ಲಿ ನಡೆಯುವ ಒಂದು ಎಚ್‌ಪಿಯ ಸಣ್ಣ ಕಂಪ್ರೆಸರ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರ ಸದ್ದಿನದೇ ಚಿಂತೆ, ಮಧ್ಯಾಹ್ನ ಮಲಗುವ ನೆರೆಯವರಿದ್ದರೆ ಮುಂಜಾನೆಯೇ ಗಾಳಿ ತುಂಬಿಸಿಡಬೇಕು.

ಜೋಡಿಸಿದ ಪಾತ್ರೆಗೆ ಮೊದಲು ಗಾಳಿ ತುಂಬಬಾರದು, ನೀರು ತುಂಬಬೇಕು. ಹೆಚ್ಚಿನವರು ಬಿಟ್ಟುಬಿಡುವ ಈ ಹಂತಕ್ಕೆ ನಾನು ಒಂದು ಇಡೀ ದಿನ ಕೊಡುತ್ತೇನೆ. ಗಾಳಿ ಒತ್ತಿದಾಗ ಸ್ಪ್ರಿಂಗಿನಂತೆ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ನೀರು ಹಾಗೆ ಹಿಂಡಿಸಿಕೊಳ್ಳುವುದಿಲ್ಲವಾದ್ದರಿಂದ, ದೋಷವಿದ್ದಲ್ಲಿ ಪಾತ್ರೆ ಸಿಡಿಯುವ ಬದಲು ಬರೀ ಜಿನುಗಿ ಒತ್ತಡ ಇಳಿದುಬಿಡುತ್ತದೆ. ಸೇಫ್ಟಿ ವಾಲ್ವ್ ತೆಗೆದು ತಾತ್ಕಾಲಿಕವಾಗಿ ಪ್ಲಗ್ ಹಾಕಿ, ಒಳಗೆ ಸ್ವಲ್ಪವೂ ಗಾಳಿ ಉಳಿಯದಂತೆ ಕಂಠದವರೆಗೆ ನೀರು ತುಂಬಿ ಮುಚ್ಚಳ ಬಿಗಿಯಬೇಕು. ಹೊಸ ಮನೆಗಳ ಪೈಪ್‌ಲೈನ್ ಪರೀಕ್ಷಿಸಲು ಪ್ಲಂಬರುಗಳು ಇಟ್ಟುಕೊಂಡಿರುವ ಕೈಪಂಪನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದು, ತಗಡಿನ ಮೇಲೆ ಬರೆದ ಗರಿಷ್ಠ ಒತ್ತಡದವರೆಗೆ, ಅದಕ್ಕಿಂತ ಒಂದು ಗೆರೆಯೂ ಮೇಲೆ ಹೋಗದಂತೆ ಏರಿಸಿ, ಅರ್ಧ ತಾಸು ಬಿಟ್ಟು ಗೇಜಿನ ಮುಳ್ಳು ನೋಡಬೇಕು. ಮುಳ್ಳು ಕದಲದಿದ್ದರೆ ನೀರು ಚೆಲ್ಲಿ, ಒಣಗಿಸಿ, ಸೇಫ್ಟಿ ವಾಲ್ವನ್ನು ಮರಳಿ ಕೂಡಿಸಿ, ಹತ್ತು ಪಿಎಸ್‌ಐ ಗಾಳಿ ತುಂಬಿ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಬೇಕು. ನೊರೆ ಎದ್ದಲ್ಲಿ ಸೋರಿಕೆ. ಒತ್ತಡ ಇಳಿಸಿದ ನಂತರವೇ ಅದನ್ನು ಬಿಗಿಯಬೇಕು.

ಅಚ್ಚಿನ ವಿಷಯದಲ್ಲಿ ನಾನು ಎರಡು ತಿಂಗಳು ದಾರಿ ತಪ್ಪಿದ್ದೆ. ಪಾತ್ರೆ ಸರಿಯಿತ್ತು, ರೆಸಿನ್ ಸರಿಯಿತ್ತು, ಆದರೂ ತೆಗೆದ ಪದಕಗಳ ಮೈಮೇಲೆಲ್ಲ ರಾಗಿ ಅಂಟಿಸಿದಂತೆ ಸಣ್ಣ ಉಬ್ಬುಗಳು. ಕಾರಣ ಸಿಲಿಕೋನ್ ಅಚ್ಚಿನೊಳಗಿತ್ತು. ಒತ್ತಡವಿಲ್ಲದೆ ಪಾತ್ರೆಯ ಹೊರಗೆ ಹೊಯ್ದ ಸಿಲಿಕೋನ್‌ನ ತೊಗಲಿನ ಕೆಳಗೆ ಅಡಗಿದ ಗುಳ್ಳೆಗಳು ಒತ್ತಡ ಬಿದ್ದಾಗ ಕುಗ್ಗುತ್ತವೆ, ಮೇಲಿನ ತೊಗಲು ಒಳಗೆ ತಗ್ಗುತ್ತದೆ, ಆ ತಗ್ಗಿಗೆ ರೆಸಿನ್ ಇಳಿದು ಉಬ್ಬಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಸಿಲಿಕೋನ್ ಅಚ್ಚನ್ನೂ ಇದೇ ಪಾತ್ರೆಯಲ್ಲಿ, ಎರಕದ ಒತ್ತಡಕ್ಕಿಂತ ಕಡಿಮೆಯಾಗದಂತೆ, 40-45 ಪಿಎಸ್‌ಐನಲ್ಲಿಟ್ಟು ಗಟ್ಟಿಮಾಡಿಕೊಳ್ಳಬೇಕು. ಪೆನ್ನಿನ ತುಂಡುಗಳಂಥ ಸರಳ ಆಕಾರಕ್ಕೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಲಗೆಯ ಪೆಟ್ಟಿಗೆಯೇ ಸಾಕು. ಅದಕ್ಕೆ ರೆಸಿನ್ ಅಂಟುವುದಿಲ್ಲ.

ಮರದ ತೇವ ಇನ್ನೊಂದು ಶತ್ರು. ಪಾಲಿಯುರೆಥೇನ್ ರೆಸಿನ್ ನೀರಿನೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತದೆ. ಧಾರವಾಡದ ಜುಲೈ ತಿಂಗಳಿನಲ್ಲಿ ಅಟ್ಟದ ಮೇಲಿಟ್ಟ ಮರವೂ ತೇವ ಹೀರಿರುತ್ತದೆ. ತುಂಡನ್ನು ಓವನ್‌ನಲ್ಲಿ 105 ಡಿಗ್ರಿಯಲ್ಲಿಟ್ಟು, ತಾಸಿಗೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬಂದರೆ ಒಣಗಿದೆ ಎಂದು ತಿಳಿಯಬೇಕು. ತಣ್ಣಗಾಗುವವರೆಗೆ ಜಿಪ್ ಚೀಲದಲ್ಲಿ ಮುಚ್ಚಿಡಬೇಕು.

ಎರಕದ ದಿನ ಮೊದಲು ರೆಸಿನ್ ಇಲ್ಲದೆ ಒಮ್ಮೆ ಎಲ್ಲವನ್ನೂ ಮಾಡಿ ನೋಡಬೇಕು: ಅಚ್ಚು ಒಳಗೆ ಹಿಡಿಯುತ್ತದೆಯೇ, ಪಾತ್ರೆಯ ತಳದಲ್ಲಿಟ್ಟ ಪ್ಲೈವುಡ್ ರಸಮಟ್ಟಕ್ಕೆ ಸರಿ ಕೂತಿದೆಯೇ, ಮುಚ್ಚಳ ಬಿಗಿಯಲು ಎಷ್ಟು ನಿಮಿಷ ಬೇಕು. ರೆಸಿನ್ ಡಬ್ಬಿಯ ಮೇಲೆ ಬರೆದ ಕೆಲಸದ ಅವಧಿ ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸಿನ ಲೆಕ್ಕ. ಹತ್ತು ಡಿಗ್ರಿ ಏರಿದರೆ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್‌ನ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಹೊಯ್ಯಲು ಹೋದರೆ ಡಬ್ಬಿಯಲ್ಲೇ ಗಟ್ಟಿಯಾದೀತು. ನೈಟ್ರೈಲ್ ಕೈಗವಸು, ಕನ್ನಡಕ, ಆವಿ ಸೋಸುವ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು ಕೆಲಸ ಮಾಡಬೇಕು; ಬಟ್ಟೆಯ ಮಾಸ್ಕ್ ಇಲ್ಲಿ ಉಪಯೋಗವಿಲ್ಲ.

ಹೊಯ್ದ ಅಚ್ಚನ್ನು ಒಳಗಿಟ್ಟು, ಕ್ಲಾಂಪುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗಾಳಿಯನ್ನು ಒಂದೆರಡು ನಿಮಿಷಗಳಲ್ಲಿ ನಿಧಾನವಾಗಿ 40ಕ್ಕೆ ಏರಿಸಿ ವಾಲ್ವ್ ಮುಚ್ಚಿ ಕಂಪ್ರೆಸರ್ ಬಿಚ್ಚಿಡಬಹುದು. ಆಮೇಲೆ ಕರೆಂಟ್ ಹೋದರೂ ಕೆಲಸ ಕೆಡುವುದಿಲ್ಲ. ಪಾತ್ರೆಯನ್ನು ಮಕ್ಕಳು ಓಡಾಡದ ಮೂಲೆಯಲ್ಲಿ, ಬಿಸಿಲು ಬೀಳದಂತೆ ಇಡಬೇಕು. ಬೆಳಗಿನ ಹೊತ್ತಿಗೆ ಗೇಜು ಒಂದೆರಡು ಪಿಎಸ್‌ಐ ಇಳಿದಿದ್ದರೆ ಗಾಬರಿಯಾಗಬೇಕಿಲ್ಲ: 30 ಡಿಗ್ರಿಯ ಸಂಜೆ 20 ಡಿಗ್ರಿಯ ನಸುಕಾದಾಗ ಮುಚ್ಚಿದ ಗಾಳಿ ಅಷ್ಟು ಕುಗ್ಗುವುದು ಸಹಜ. ಹತ್ತು ಇಳಿದಿದ್ದರೆ ಮಾತ್ರ ಸೋರಿಕೆ ಹುಡುಕಬೇಕು.

ಎಪಾಕ್ಸಿ ಜಾತಿಯ ರೆಸಿನ್‌ಗೆ ಇಡೀ ದಿನ ಒತ್ತಡ ಬೇಕಾಗುತ್ತದೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಪಾಲಿಯುರೆಥೇನಿಗೆ ಡಬ್ಬಿಯ ಸೂಚನೆಯಂತೆ ಕೆಲವೇ ತಾಸು. ರೆಸಿನ್ ಇನ್ನೂ ಮೆತ್ತಗಿರುವಾಗ ಒತ್ತಡ ಬಿಟ್ಟರೆ ಹಿಂಡಿಸಿಕೊಂಡಿದ್ದ ಗುಳ್ಳೆಗಳೆಲ್ಲ ಮತ್ತೆ ಹಿಗ್ಗಿ ನಿಲ್ಲುತ್ತವೆ. ಕಲೆಸಿದ ಡಬ್ಬಿಯಲ್ಲಿ ಉಳಿದ ರೆಸಿನ್‌ನ್ನು ಹೊರಗಿಟ್ಟುಕೊಂಡು ಅದಕ್ಕೆ ಉಗುರು ಊರಿ ನೋಡುವವರಿದ್ದಾರೆ. ರಾಶಿಯಾಗಿರುವ ಆ ರೆಸಿನ್ ತನ್ನದೇ ಬಿಸಿಗೆ ತೆಳುವಾದ ಎರಕಕ್ಕಿಂತ ಬೇಗ ಗಟ್ಟಿಯಾಗುವುದರಿಂದ, ಅದನ್ನು ನಂಬದೆ ಡಬ್ಬಿಯ ಸೂಚನೆಯ ಪೂರ್ಣ ಅವಧಿ ಕಾಯಬೇಕು. ಬಿಡುವ ವಾಲ್ವನ್ನು ಸ್ವಲ್ಪವೇ ತೆರೆದು, ಸದ್ದು ನಿಂತು ಮುಳ್ಳು ಸೊನ್ನೆಗೆ ಬಂದ ಮೇಲೂ ಅದನ್ನು ತೆರೆದೇ ಇಟ್ಟು, ಆಮೇಲೆ ಮೊದಲ ಕ್ಲಾಂಪಿಗೆ ಕೈ ಹಾಕಬೇಕು. ಮುಚ್ಚಳ ತೆಗೆದ ಕೂಡಲೇ ಗ್ಯಾಸ್ಕೆಟ್ಟಿನ ಮೇಲೆ ಬಿದ್ದ ರೆಸಿನ್ ಹನಿಗಳನ್ನು ಕೆರೆದು ತೆಗೆದು, ಕಂಪ್ರೆಸರಿನ ತಳದ ತಿರುಪು ಬಿಚ್ಚಿ ಕೂಡಿದ ನೀರನ್ನು ಹೊರಗೆ ಬಿಡಬೇಕು.