ಹುಳದ ದಿನಚರಿ ತಿಳಿದುಕೊಳ್ಳಿ, ಸ್ಪ್ರೇ ಆಮೇಲೆ

ಅಕ್ಕಿಯಲ್ಲಿ ನುಸಿ ಕಂಡ ಕೂಡಲೇ ಕೇರಿ, ಜರಡಿ ಆಡಿಸಿ, ಅದೇ ಡಬ್ಬಕ್ಕೆ ತುಂಬಿಟ್ಟು ಕೈ ತೊಳೆದುಕೊಳ್ಳುತ್ತೀರಿ. ತಿಂಗಳು ತುಂಬುವಷ್ಟರಲ್ಲಿ ಮತ್ತೆ ಹುಳು. ಆಗ ಅಂಗಡಿಯವನಿಗೆ ಬೈಗುಳ. ಆದರೆ ನೀವು ಕೇರಿದ ದಿನವೂ ಆ ಹುಳುಗಳು ಅಲ್ಲೇ ಇದ್ದವು, ಕಾಳಿನ ಹೊಟ್ಟೆಯೊಳಗೆ. ಹೆಣ್ಣು ನುಸಿ ತನ್ನ ಉದ್ದ ಮೂತಿಯಿಂದ ಅಕ್ಕಿಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಮೈಯಿಂದ ಬರುವ ಅಂಟಿನಲ್ಲಿ ಆ ತೂತನ್ನು ಮುಚ್ಚಿಬಿಡುತ್ತದೆ. ಬರಿಗಣ್ಣಿಗೆ ಕಾಳು ಚೆನ್ನಾಗಿಯೇ ಕಾಣುತ್ತದೆ. ಮರಿ ಒಳಗೇ ತಿಂದು ಬೆಳೆದು, ಬೇಸಿಗೆಯಾದರೆ ಹೆಚ್ಚುಕಡಿಮೆ ಒಂದು ತಿಂಗಳಿಗೆ ಕೊರೆದುಕೊಂಡು ಹೊರಗೆ ಬರುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ 300ರ ಆಸುಪಾಸು ಮೊಟ್ಟೆ ಇಡಬಲ್ಲದು.

ಹಾಗಾಗಿ ಒಂದು ಸಲ ಕೇರಿದರೆ ಸಾಲದು. ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು ಸಲ ಕೇರಲೇಬೇಕು, ಅಷ್ಟರಲ್ಲಿ ಒಳಗಿದ್ದವು ಹೊರಬರುತ್ತಿರುತ್ತವೆ. ಅಕ್ಕಿ ಕಡಿಮೆ ಇದ್ದರೆ ಚೀಲ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಮೊಟ್ಟೆ, ಮರಿ ಎಲ್ಲ ಒಳಗೇ ಸಾಯುತ್ತವೆ. ತೆಗೆದ ಮೇಲೆ ತಣುವು ಪೂರ್ತಿ ಇಳಿಯುವ ತನಕ ಕಟ್ಟು ಬಿಚ್ಚಬೇಡಿ, ಇಲ್ಲವಾದರೆ ಪಸೆಯಾಡಿ ಬೂಷ್ಟು ಹಿಡಿಯುತ್ತದೆ. ಅಕ್ಕಿಯನ್ನು ಸುಡುಬಿಸಿಲಿಗೆ ಹರಡುವುದು ನನಗೆ ಒಪ್ಪಿಗೆಯಿಲ್ಲ. ಕಾಳು ಬಿರಿದು ನುಚ್ಚಾಗುತ್ತದೆ, ನುಸಿಯೋ ನಡೆದುಕೊಂಡು ನೆರಳಿಗೆ ಹೋಗಿ ಕೂರುತ್ತದೆ. ಇನ್ನೊಂದು ಆಟ ಗೊತ್ತಿರಲಿ: ಮೊರ ತಟ್ಟಿದೊಡನೆ ನುಸಿ ಕಾಲು ಮಡಚಿ ಸತ್ತ ಹಾಗೆ ಬಿದ್ದಿರುತ್ತದೆ. ಅದನ್ನು ನಂಬಿ ಅಡುಗೆಮನೆಯ ಕಸದ ಬುಟ್ಟಿಗೆ ಸುರಿದರೆ ಸ್ವಲ್ಪ ಹೊತ್ತಿಗೆಲ್ಲ ಎದ್ದು ಹೊರಡುತ್ತದೆ. ಸೋಪಿನ ನೀರಿರುವ ಬಟ್ಟಲಿಗೆ ಹಾಕಿ. ಬೇವಿನೆಲೆ, ಒಣಮೆಣಸಿನಕಾಯಿ ಇಡುವವರು ಇಡಲಿ, ಹೊಸದಾಗಿ ಬರುವವಕ್ಕೆ ಒಂದಿಷ್ಟು ತಡೆಯಾದೀತು. ಒಳಗೆ ಕೂತವಕ್ಕೆ ಅದರ ಹಂಗಿಲ್ಲ.

ಕಾಳುಗಳ ಹುಳುವಿನ ಬಾಳು ಬೇರೆ. ಅಲಸಂದೆ, ಹೆಸರುಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ಈ ಹುಳು ಕಾಳಿನ ಮೇಲ್ಮೈಗೆ ಮೊಟ್ಟೆ ಅಂಟಿಸುತ್ತದೆ, ಮರಿ ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳಿಗೆ ಇಳಿಯುತ್ತದೆ. ಎಷ್ಟೋ ಸಲ ಇದು ಹೊಲದಲ್ಲಿ ಕಾಯಿ ಒಣಗುವಾಗಲೇ ಶುರುವಾಗಿರುತ್ತದೆ. ಡಬ್ಬದಲ್ಲಿ ಹಾರಾಡುವ ದೊಡ್ಡ ಹುಳು ಏನನ್ನೂ ತಿನ್ನದೆಯೇ ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ತಿಂದದ್ದೆಲ್ಲ ಮರಿ. ಮೊಟ್ಟೆ ಹೊರಗೆ ಇರುವುದರಿಂದ ಇಲ್ಲಿ ಎಣ್ಣೆ ಕೆಲಸ ಮಾಡುತ್ತದೆ. ಕಿಲೋ ಕಾಳಿಗೆ ಒಂದು ಚಮಚ ಹರಳೆಣ್ಣೆ ಹಾಕಿ ಚೆನ್ನಾಗಿ ತಿಕ್ಕಿದರೆ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಹಿಂದಿನವರು ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದುದು, ಬೂದಿ ಬೆರೆಸುತ್ತಿದ್ದುದು ಸುಮ್ಮನೆ ಅಲ್ಲ. ಮಣ್ಣು ಬೂದಿಯ ಕಣಗಳು ಹುಳುವಿನ ಮೈಯ ಮೇಣದ ಪದರವನ್ನು ಕೆರೆದು ಒಣಗಿಸುತ್ತವೆ. ಇಡೀ ಕಾಳಿಗಿಂತ ಬೇಳೆಗೆ ಈ ಹುಳುವಿನ ಕಾಟ ಕಡಿಮೆ, ವರ್ಷಕ್ಕಾಗುವಷ್ಟು ಇಡುವವರು ಬೇಳೆ ಮಾಡಿಸಿಯೇ ಇಡಿ. ರಾಗಿಯದು ಚಿಂತೆಯೇ ಇಲ್ಲ. ಕಾಳು ಅಷ್ಟು ಚಿಕ್ಕದು, ನುಸಿಮರಿ ಒಳಗೆ ಬೆಳೆಯಲು ಜಾಗವಿಲ್ಲ. ಮೇಲೆ ಹಿಂದಿನವರಿಗೆ ಗಾಳಿಯಾಡದ ಹಗೇವು, ಅಂದರೆ ನೆಲದೊಳಗಿನ ಧಾನ್ಯದ ಗುಂಡಿ, ಬೇರೆ ಇತ್ತು. ರಾಗಿಹಿಟ್ಟಿಗೆ ಮಾತ್ರ ಬೇರೆ ಹುಳು ಬೀಳುತ್ತದೆ, ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ.

ಇರುವೆ ವಿಷಯಕ್ಕೆ ಬರೋಣ. ಸಕ್ಕರೆ ಡಬ್ಬ ಮೊದಲು ಕಂಡುಹಿಡಿಯುವುದು ಒಂದೇ ಒಂದು ಇರುವೆ. ಅದು ಮರಳುವಾಗ ಹೊಟ್ಟೆ ನೆಲಕ್ಕೆ ತಾಗಿಸಿ ವಾಸನೆಯ ಗೆರೆ ಎಳೆಯುತ್ತಾ ಹೋಗುತ್ತದೆ, ಉಳಿದವು ಆ ಗೆರೆ ಹಿಡಿದು ಬರುತ್ತವೆ. ಸಾಲನ್ನು ಒಣಬಟ್ಟೆಯಲ್ಲಿ ಒರೆಸಿದರೆ ಇರುವೆ ಹೋಯಿತು, ಗೆರೆ ಉಳಿಯಿತು. ಸೋಪಿನ ನೀರಿನಲ್ಲಿ ಗೋಡೆಯ ಬಿರುಕಿನ ತನಕ ಒರೆಸಿ. ಸ್ಪ್ರೇ ಹೊಡೆಯುವವರಿಗೆ ಒಂದು ಮಾತು: ಮನೆಯೊಳಗಿನ ಕೆಲವು ಸಣ್ಣ ಇರುವೆಗಳ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಗಲಾಟೆಯಾದರೆ ಅವು ಪಾಲಾಗಿ ಮೂರು ಕಡೆ ಹೊಸ ಸಂಸಾರ ಹೂಡುತ್ತವೆ. ಅದಕ್ಕಿಂತ ಒಂದು ಲೋಟ ಬಿಸಿನೀರಿಗೆ ಎಂಟು ಚಮಚ ಸಕ್ಕರೆ, ಅರ್ಧ ಚಮಚ ಬೋರಿಕ್ ಪುಡಿ ಕದಡಿ, ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕ ಇಡಿ. ಇರುವೆಗೆ ತನ್ನ ಹೊಟ್ಟೆಯಲ್ಲದೆ ಊರಿಗೆ ಹಂಚಲೆಂದೇ ಇನ್ನೊಂದು ಹೊಟ್ಟೆ ಇದೆ, ಅದರಲ್ಲಿ ತುಂಬಿಕೊಂಡು ಹೋಗಿ ಬಾಯಿಂದ ಬಾಯಿಗೆ ಕೊಡುತ್ತದೆ, ರಾಣಿಯವರೆಗೂ. ಪುಡಿ ಜಾಸ್ತಿ ಹಾಕುವ ದುರಾಸೆ ಬೇಡ, ದಾರಿಯಲ್ಲೇ ಸತ್ತರೆ ಹಂಚುವವರು ಯಾರು? ಮೊದಲೆರಡು ದಿನ ಇರುವೆ ಹೆಚ್ಚೇ ಬರುತ್ತದೆ, ತಾಳ್ಮೆ ಇರಲಿ. ಮಕ್ಕಳು, ನಾಯಿ ಬೆಕ್ಕು ಇರುವ ಮನೆಯಲ್ಲಿ ಕೈಗೆಟುಕದ ಜಾಗ ನೋಡಿ ಇಡಿ.

ಅಡುಗೆಮನೆಯ ಸಣ್ಣ ಕಂದು ಜಿರಳೆಗೆ ಜರ್ಮನ್ ಜಿರಳೆ ಅಂತ ಹೆಸರು. ಹೆಸರಷ್ಟೇ ಪರದೇಶಿ. ಅದರ ಮೂಲ ಸುಮಾರು 2,100 ವರ್ಷದ ಹಿಂದೆ ಭಾರತವೋ ಮ್ಯಾನ್ಮಾರೋ ಇರಬೇಕೆಂದು 2024ರಲ್ಲಿ ವಂಶವಾಹಿ ನೋಡಿ ಹೇಳಿದ್ದಾರೆ. ಬೆನ್ನೂ ಹೊಟ್ಟೆಯೂ ಎರಡು ಕಡೆ ತಾಗುವಂಥ ಸಂದಿ ಇದಕ್ಕೆ ಇಷ್ಟ, ಆದ್ದರಿಂದ ಜೆಲ್ ಮದ್ದನ್ನು ಬಯಲಲ್ಲಿ ಹಚ್ಚದೆ ಕೀಲು, ಸಂದಿಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡಿ. ಅದರ ಮೇಲೆ ಸ್ಪ್ರೇ ಹೊಡೆಯಬೇಡಿ, ಆಮೇಲೆ ಅವು ಮೂಸುವುದಿಲ್ಲ. ಸಿಹಿ ಮದ್ದು ತಿಂದು ತಿಂದು ಸತ್ತ ಕಡೆಗಳಲ್ಲಿ ಬದುಕುಳಿದವುಗಳ ಸಂತತಿಗೆ ಗ್ಲೂಕೋಸೇ ಕಹಿಯಾಗಿದ್ದೂ ಇದೆ. ಹಾಗಾಗಿ ಒಂದೇ ಜೆಲ್ಲಿಗೆ ಜೋತುಬೀಳದೆ ಬದಲಾಯಿಸುತ್ತಿರಿ.

ಡೆಂಗಿ ಸೊಳ್ಳೆಯದು ಚಿಕ್ಕ ಮಾತು. ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ, ಡ್ರಮ್ಮಿನ ಗೋಡೆಗೆ. ಅವು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದೊಡನೆ ಮರಿಯಾಗುತ್ತವೆ. ನೀರು ಚೆಲ್ಲಿದರೆ ಆಗಲಿಲ್ಲ, ವಾರಕ್ಕೊಮ್ಮೆ ಒಳಗೋಡೆಯನ್ನು ನಾರಿನಿಂದ ಉಜ್ಜಿ.

ಗೋಡೆ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವನ್ನು ಮಾತ್ರ ಓಡಿಸಬೇಡಿ. ಹುಳುವನ್ನು ತಂದು ಗುಂಯ್‌ಗುಟ್ಟಿ ತನ್ನ ಹಾಗೇ ಮಾಡಿಕೊಳ್ಳುತ್ತದೆ ಎಂದು ಭ್ರಮರ-ಕೀಟ ನ್ಯಾಯದಲ್ಲಿ ಕೇಳಿದ್ದೀರಲ್ಲ. ನಿಜವಾಗಿ ಅದು ಕಂಬಳಿಹುಳುವನ್ನೋ ಜೇಡವನ್ನೋ ಕೊಂಡಿಯಿಂದ ಚುಚ್ಚಿ, ಸಾಯಿಸದೆ ಮರಗಟ್ಟಿಸಿ, ಒಳಗೆ ತುಂಬಿ, ಮೊಟ್ಟೆಯಿಟ್ಟು ಬಾಗಿಲು ಮೆತ್ತುತ್ತದೆ. ಅದರ ಮರಿಗೆ ಕೆಡದ ಬುತ್ತಿ ಅದು. ಒಂಟಿಯಾಗಿ ಬಾಳುವ ಈ ಜಾತಿ, ಕೈಯಲ್ಲಿ ಹಿಡಿಯದಿದ್ದರೆ ಚುಚ್ಚುವುದು ಅಪರೂಪ. ಸುಣ್ಣ ಬಣ್ಣ ಹೊಡೆಸುವಾಗ ಗೂಡಿನಲ್ಲಿ ಗುಂಡಗಿನ ತೂತು ಇದೆಯೇ ನೋಡಿ. ತೂತಿದ್ದರೆ ಮರಿ ಹಾರಿಹೋಗಿದೆ, ಕೆರೆದು ತೆಗೆಯಬಹುದು. ಬಳಸದ ಪ್ಲಗ್ ಪಾಯಿಂಟುಗಳಿಗೆ ಮೊದಲೇ ಪ್ಲಾಸ್ಟಿಕ್ ಮುಚ್ಚಳ ಹಾಕಿಬಿಡಿ, ಅಲ್ಲಿ ಮಣ್ಣು ಮೆತ್ತಿದರೆ ಎಲೆಕ್ಟ್ರೀಷಿಯನ್ನನ್ನೇ ಕರೆಸಬೇಕು.